ಟ್ರಾನ್ಸ್‌ಫರ್ ಬಂದಾಗ: ಹೊಸ ಏರಿಯಾಕ್ಕೆ ಹೊರಟ ಯುವ ಮಿಷನರಿಗೆ ಕೈಪಿಡಿ

ಏರಿಯಾ ಎಂದರೆ ಮಿಷನರಿಗೆ ಸೇವೆಗೆಂದು ಗೊತ್ತುಮಾಡಿದ ಊರು ಅಥವಾ ಬಡಾವಣೆ. ಹೊಸ ಏರಿಯಾಕ್ಕೆ ಹೊಂದಿಕೊಳ್ಳುವ ಕೆಲಸ ಹಳೆಯ ಏರಿಯಾದಲ್ಲೇ ಶುರುವಾಗುತ್ತದೆ. ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಸಭೆಯ ಪೂರ್ಣಾವಧಿ ಮಿಷನರಿಗಳಿಗೆ ಸುಮಾರು 6 ವಾರಕ್ಕೊಮ್ಮೆ ಟ್ರಾನ್ಸ್‌ಫರ್, ಅಂದರೆ ಏರಿಯಾ ಅಥವಾ ಜೊತೆಗಾರರ ಬದಲಾವಣೆಯ ಸುತ್ತು, ಬರುತ್ತದೆ. 24 ತಿಂಗಳ ಸೇವೆಯಲ್ಲಿ ಇಂಥ ಸುತ್ತುಗಳು ಹದಿನೇಳರಷ್ಟು, 18 ತಿಂಗಳ ಸೇವೆಯಲ್ಲಿ ಹದಿಮೂರು. ಪ್ರತಿ ಸುತ್ತಿನಲ್ಲೂ ನಿಮ್ಮ ಹೆಸರೇ ಬರುವುದಿಲ್ಲ. ಕೆಲವೊಮ್ಮೆ ನೀವು ಅಲ್ಲೇ ಉಳಿದು ಕಂಪ್ಯಾನಿಯನ್ (ನಿಮ್ಮ ಜೊತೆಗಾರ ಮಿಷನರಿ) ಮಾತ್ರ ಬದಲಾಗುತ್ತಾರೆ. ಹೆಸರು ಬಂದರೆ ಮಾತ್ರ ಸಮಯ ತೀರಾ ಕಡಿಮೆ. ಸುದ್ದಿ ತಿಳಿದ ಮೇಲೆ ಬ್ಯಾಗು ಹಿಡಿದು ಹೊರಡಲು ಕೆಲವೇ ದಿನ ಸಿಗುತ್ತವೆ.

ಆ ಕೆಲವು ದಿನ ಹೆಚ್ಚಿನವರು ಸೂಟ್‌ಕೇಸ್ ತುಂಬುವುದರಲ್ಲಿ, ಫೋಟೋ ತೆಗೆಸಿಕೊಳ್ಳುವುದರಲ್ಲಿ ಕಳೆಯುತ್ತಾರೆ. ಅದು ತಪ್ಪೇನಲ್ಲ. ಆದರೆ ಏರಿಯಾ ಎಂಬುದು ಮಿಷನರಿಯ ಸ್ವತ್ತಲ್ಲ. ಅಲ್ಲಿ ಬಾಳುವ ಜನರದ್ದು ಅದು. ನಿಮಗಿಂತ ಮೊದಲು ಯಾರೋ ಆ ಬಾಗಿಲು ತಟ್ಟಿದ್ದರು, ನಿಮ್ಮ ನಂತರವೂ ತಟ್ಟುತ್ತಾರೆ. ನಡುವಿನ ಕೊಂಡಿ ನೀವು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬಿಟ್ಟುಹೋಗುವಾಗ ಏನು ಮಾಡಬೇಕು, ಹೋಗಿ ಸೇರಿದಾಗ ಮೊದಲು ಏನು ಮಾಡಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಬಿಟ್ಟುಹೋಗುವ ಮುನ್ನ

ಮೊದಲ ಕೆಲಸ ಏರಿಯಾ ಬುಕ್. ಈಗ ಅದು ಫೋನಿನಲ್ಲೇ ಇರುವ ಆ್ಯಪ್. ಮಿಷನರಿಗಳಿಂದ ಸಭೆಯ ಬೋಧನೆಯ ಪಾಠ ಕೇಳುತ್ತಿರುವವರು, ಹಿಂದೆ ಕೇಳಿ ನಿಲ್ಲಿಸಿದವರು, ಇತ್ತೀಚೆಗೆ ದೀಕ್ಷಾಸ್ನಾನ ಪಡೆದವರು, ಸಭೆಗೆ ಬರುವುದನ್ನು ಬಿಟ್ಟ ಸದಸ್ಯರು, ಎಲ್ಲರ ವಿವರವೂ ಅದರಲ್ಲಿರುತ್ತದೆ, ಇರಬೇಕು. ತಲೆಯಲ್ಲಿ ಮಾತ್ರ ಉಳಿಸಿಕೊಂಡಿದ್ದ ಸಂಗತಿ ನೀವು ಹೊರಟ ದಿನವೇ ಕಳೆದುಹೋಗುತ್ತದೆ. ಉಳಿಯುವ ಕಂಪ್ಯಾನಿಯನ್‌ಗೆ ಎಲ್ಲ ಗೊತ್ತಿದೆಯಲ್ಲ ಎಂದು ಸುಮ್ಮನಾಗಬೇಡಿ. ಮುಂದಿನ ಸುತ್ತಿನಲ್ಲಿ ಅವರೂ ಹೊರಡಬಹುದು.

ಒಬ್ಬೊಬ್ಬರ ಬಗ್ಗೆಯೂ ಐದು ವಿಷಯ ಬರೆಯಿರಿ. ಯಾವ ಪಾಠ ಎಲ್ಲಿಗೆ ನಿಂತಿದೆ. ಅವರು ಏನು ಮಾಡುತ್ತೇನೆಂದು ಒಪ್ಪಿಕೊಂಡಿದ್ದಾರೆ, ಅದರಲ್ಲಿ ಎಷ್ಟು ನಡೆದಿದೆ. ಅವರ ಮನಸ್ಸಿನಲ್ಲಿ ಇನ್ನೂ ಬಗೆಹರಿಯದ ಪ್ರಶ್ನೆ ಯಾವುದು. ಯಾವ ದಿನ, ಎಷ್ಟು ಹೊತ್ತಿಗೆ ಹೋದರೆ ಸಿಗುತ್ತಾರೆ. ಸಭೆಯ ಸದಸ್ಯರಲ್ಲಿ ಅವರಿಗೆ ಗೆಳೆತನ ಇರುವುದು ಯಾರ ಜೊತೆ. "ತುಂಬ ಒಳ್ಳೆಯವರು, ಮತ್ತೆ ಭೇಟಿಯಾಗಬೇಕು" ಎಂಬ ಟಿಪ್ಪಣಿಯಿಂದ ಮುಂದೆ ಬರುವವರಿಗೆ ಏನೂ ಸಿಗುವುದಿಲ್ಲ. "ಮಂಗಳವಾರ ರಾತ್ರಿ ಪಾಳಿ, ಬುಧವಾರ ಮಧ್ಯಾಹ್ನ 3ರ ನಂತರ ಹೋಗಿ. ದಿನಾ ಪ್ರಾರ್ಥನೆ ಮಾಡುತ್ತಾರೆ, ಆದರೆ ಉತ್ತರ ಬಂದದ್ದು ಹೇಗೆ ಗೊತ್ತಾಗಬೇಕು ಎಂದು ಎರಡು ಸಲ ಕೇಳಿದ್ದಾರೆ. ತಾಯಿಗೆ ಇಷ್ಟವಿಲ್ಲ, ಅವರಿಗೂ ನಮಸ್ಕಾರ ಹೇಳಿಯೇ ಕೂರಿ" ಎಂದಿದ್ದರೆ ಹೊಸಬರು ಮೊದಲ ದಿನವೇ ಸರಿಯಾದ ಹೊತ್ತಿಗೆ ಸರಿಯಾದ ಬಾಗಿಲಲ್ಲಿ ಇರುತ್ತಾರೆ.

ಬರೆಯಬಾರದ್ದೂ ಇದೆ. ಯಾರಾದರೂ ನಂಬಿ ಹೇಳಿಕೊಂಡ ಪಾಪ, ಮನೆಯೊಳಗಿನ ಜಗಳ, ಕಾಯಿಲೆಯ ವಿವರ, ಸಾಲ, ಇವು ಟಿಪ್ಪಣಿಗೆ ಬರಬಾರದು. ತಮ್ಮ ಬಗ್ಗೆ ಬರೆದದ್ದನ್ನು ಆ ವ್ಯಕ್ತಿಯೇ ಪಕ್ಕದಲ್ಲಿ ಕೂತು ಓದಿದರೆ ನೋವಾಗುತ್ತದೆಯೇ ಎಂದು ಕೇಳಿಕೊಳ್ಳಿ. ಆಗುತ್ತದೆ ಎನಿಸಿದರೆ ಅಳಿಸಿ.

ಎರಡನೆಯದು ಬೀಳ್ಕೊಡುಗೆ. ಎಲ್ಲರ ಮನೆಗೂ ಹೋಗಲು ಹೊರಟರೆ ಯಾರ ಜೊತೆಯೂ ನೆಟ್ಟಗೆ ಮಾತಾಡಲು ಆಗುವುದಿಲ್ಲ, ಏರಿಯಾದ ಕೆಲಸವೂ ನಿಂತುಹೋಗುತ್ತದೆ. ನಾಲ್ಕೈದು ಮನೆ ಸಾಕು. ಮೊದಲು ಪಾಠ ಕೇಳುತ್ತಿರುವವರು, ಆಮೇಲೆ ಹೊಸದಾಗಿ ಸಭೆ ಸೇರಿದವರು, ಕೊನೆಗೆ ಹಳೆಯ ಸದಸ್ಯರು. ಆಪ್ತರಾದ ಸದಸ್ಯರ ಮನೆಯಲ್ಲೇ ಸಂಜೆ ಪೂರ್ತಿ ಕೂತು ಈ ಕ್ರಮ ತಲೆಕೆಳಗಾಗುವುದೇ ಹೆಚ್ಚು. ಹಳೆಯ ಸದಸ್ಯರು ಎಷ್ಟೋ ಮಿಷನರಿಗಳನ್ನು ಕಳಿಸಿಕೊಟ್ಟವರು, ಅವರಿಗೆ ಇದು ಅಭ್ಯಾಸ. ಮೊದಲ ಸಲ ಈ ಅಗಲಿಕೆ ಕಾಣುತ್ತಿರುವವರಿಗೆ ನೀವು ಬೇಕು.

ಅವರ ಮುಂದೆ ಮಾತು ಜೋಪಾನ. "ಖಂಡಿತ ವಾಪಸ್ ಬರುತ್ತೇನೆ", "ನಿಮ್ಮ ದೀಕ್ಷಾಸ್ನಾನಕ್ಕೆ ನಾನೇ ಇರುತ್ತೇನೆ" ಎಂದೆಲ್ಲ ಹೇಳಬೇಡಿ. ಬರಲು ಅನುಮತಿ ಸಿಗುತ್ತದೋ ಇಲ್ಲವೋ ನಿಮ್ಮ ಕೈಯಲ್ಲಿಲ್ಲ, ಮತ್ತು ಎಷ್ಟೋ ಜನ ನಿಮ್ಮ ಬರವಿಗಾಗಿ ದಿನಾಂಕವನ್ನೇ ಮುಂದೂಡುತ್ತಾರೆ. ಬದಲಿಗೆ ಉಳಿಯುವ ಕಂಪ್ಯಾನಿಯನ್ ಕಡೆ ತಿರುಗಿ, "ಮುಂದಿನ ಬುಧವಾರ ಇವರು ಹೊಸಬರೊಬ್ಬರನ್ನು ಕರೆದುಕೊಂಡು ಬರುತ್ತಾರೆ, ನನಗೆ ಹೇಳಿದ್ದನ್ನೇ ಅವರಿಗೂ ಹೇಳಿ" ಎನ್ನಿ. ಆ ಬುಧವಾರದ ಹೊತ್ತು ಅಲ್ಲೇ ಗೊತ್ತುಮಾಡಿ. ಟ್ರಾನ್ಸ್‌ಫರ್ ಆದ ಮೇಲೆ ಜನ ಕಳಚಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಮುಂದಿನ ಭೇಟಿ ನಿಗದಿಯಾಗಿರುವುದಿಲ್ಲ, ಒಂದು ವಾರ ಯಾರೂ ಹೋಗುವುದಿಲ್ಲ, ಅವರಿಗೆ ತಾವು ಬೇಡವಾದೆವು ಎನಿಸುತ್ತದೆ.

ಹೋದ ಮೇಲೆ ಹಳೆಯ ಏರಿಯಾದವರ ಜೊತೆ ಸಂಪರ್ಕ ಎಷ್ಟಿರಬೇಕು ಎಂಬುದಕ್ಕೆ ನಿಮ್ಮ ಮಿಷನ್‌ನ (ನೀವು ಸೇವೆ ಮಾಡುವ ಇಡೀ ಪ್ರದೇಶದ ಆಡಳಿತ ಘಟಕದ) ನಿಯಮ ಇರುತ್ತದೆ, ಅದನ್ನೇ ಪಾಲಿಸಿ. ಸಂದೇಶ ಕಳಿಸಬಹುದಾದರೂ ಅಲ್ಲಿನ ಹೊಸ ಮಿಷನರಿಗಳ ಬಗ್ಗೆ ದೂರು ಕೇಳಿಸಿಕೊಂಡು ಸಲಹೆ ಕೊಡುವ ಕೆಲಸ ಬೇಡ. "ಅವರಿಗೇ ಹೇಳಿ, ಅವರು ಕೇಳುತ್ತಾರೆ" ಎನ್ನಿ, ಅಷ್ಟೇ.

ಬ್ಯಾಗು ಮತ್ತು ಮನೆ

ಎರಡು ದೊಡ್ಡ ಸೂಟ್‌ಕೇಸ್ ಮತ್ತು ಒಂದು ಬೆನ್ನುಚೀಲ, ಇದಕ್ಕಿಂತ ಹೆಚ್ಚಾದರೆ ಪ್ರಯಾಣದಲ್ಲಿ ನಿಮಗೂ ಜೊತೆಯವರಿಗೂ ಕಷ್ಟ. ಪರೀಕ್ಷೆ ಸುಲಭ: ಎರಡನ್ನೂ ನೀವೊಬ್ಬರೇ ಒಂದು ಮಹಡಿಯ ಮೆಟ್ಟಿಲು ಹತ್ತಿಸಬಲ್ಲಿರಾ? ಆಗದಿದ್ದರೆ ಕಳೆದ ಎರಡು ಸುತ್ತು, ಅಂದರೆ 12 ವಾರ, ಮುಟ್ಟದ ವಸ್ತುಗಳನ್ನು ತೆಗೆಯಿರಿ. ಇದೇ ಋತುವಿಗೆ ಬೇಡವಾದ ಬೆಚ್ಚನೆಯ ಉಡುಪು ಮಾತ್ರ ಇದಕ್ಕೆ ಹೊರತು. ತೆಗೆದದ್ದನ್ನು ಮನೆಯ ಮೂಲೆಗೆ ತಳ್ಳಿ ಹೋಗಬೇಡಿ. ಹಿಂದಿನವರು ಹೀಗೆ ಬಿಟ್ಟುಹೋದ ಶೂ, ಪುಸ್ತಕ, ಹರಿದ ಹೊದಿಕೆ ವರ್ಷಗಟ್ಟಲೆ ಮಿಷನರಿ ಮನೆಗಳಲ್ಲಿ ಕೂತಿರುತ್ತವೆ. ಬಳಸುವಂತಿದ್ದರೆ ಯಾರಿಗಾದರೂ ಕೊಡಿ, ಇಲ್ಲದಿದ್ದರೆ ಕಸಕ್ಕೆ ಹಾಕಿ.

ಬೆನ್ನುಚೀಲವನ್ನು ಮೊದಲ ರಾತ್ರಿಗೆಂದೇ ತುಂಬಿ. ದೊಡ್ಡ ಸಾಮಾನು ತಡವಾಗಿ ಬಂದರೂ, ತಪ್ಪಿ ಬೇರೆ ವಾಹನಕ್ಕೆ ಹೋದರೂ ಮರುದಿನ ಬೆಳಿಗ್ಗೆ ನೀವು ಕೆಲಸಕ್ಕೆ ಹೊರಡುವಂತಿರಬೇಕು. ಒಂದು ಜೊತೆ ಪೂರ್ತಿ ಉಡುಪು, ಎದೆಗೆ ಹಾಕುವ ಹೆಸರಿನ ಫಲಕ ಮತ್ತು ಇನ್ನೊಂದು ಹೆಚ್ಚುವರಿ ಫಲಕ, ಟವೆಲ್, ಒಂದು ಹಾಸು, ಹಲ್ಲುಜ್ಜುವ ಬ್ರಷ್, ಚಾರ್ಜರ್, ಧರ್ಮಗ್ರಂಥ, ಗುರುತಿನ ದಾಖಲೆಗಳು, ಕನಿಷ್ಠ 7 ದಿನದ ಔಷಧಿ ವೈದ್ಯರ ಚೀಟಿಯ ಸಮೇತ. ಔಷಧಿಯನ್ನು ಸೂಟ್‌ಕೇಸಿನಲ್ಲಿ ಇಡಲೇಬೇಡಿ. ಹೊಸ ಕಂಪ್ಯಾನಿಯನ್ ಮತ್ತು ಡಿಸ್ಟ್ರಿಕ್ಟ್ ಲೀಡರ್ (ಹತ್ತಿರದ ಕೆಲವು ಮಿಷನರಿ ಜೋಡಿಗಳ ಮುಂದಾಳಾದ ಮಿಷನರಿ) ಇಬ್ಬರ ಫೋನ್ ನಂಬರ್, ಹೊಸ ಮನೆಯ ವಿಳಾಸ, ಇವನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಡಿ. ಫೋನಿನ ಬ್ಯಾಟರಿ ದಾರಿಯಲ್ಲೇ ಮುಗಿದರೆ ಆ ಚೀಟಿಯೇ ದಿಕ್ಕು.

ಹೊರಡುವ ಹಿಂದಿನ ದಿನ ಮನೆ ತೊಳೆಯಲು ಎರಡು ಗಂಟೆ ಎತ್ತಿಡಿ. ಫ್ರಿಜ್‌ನ ಒಳಗೆ, ಒಲೆಯ ಸುತ್ತ, ಬಚ್ಚಲಿನ ನೀರು ಹೋಗುವ ಜಾಲರಿ, ನಿಮ್ಮ ಮಂಚದ ಕೆಳಗೆ. ಕೀಲಿ ಯಾರ ಕೈಗೆ, ಸೈಕಲ್ ಇದ್ದರೆ ಅದರ ಬೀಗ ಯಾರ ಕೈಗೆ ಎಂಬುದೂ ಹಿಂದಿನ ದಿನವೇ ತೀರ್ಮಾನವಾಗಿರಲಿ. ಕೀಲಿ ಹೊರಟವರ ಜೇಬಿನಲ್ಲೇ ಹೊಸ ಊರು ಸೇರಿಬಿಡುವುದುಂಟು. ಆಗ ಉಳಿದವರು ರಾತ್ರಿ ಬಾಗಿಲ ಹೊರಗೆ ನಿಲ್ಲಬೇಕಾಗುತ್ತದೆ.

ಮೊದಲ ರಾತ್ರಿ

ಮನೆ ತಲುಪಿದ ಕೂಡಲೇ ಡಿಸ್ಟ್ರಿಕ್ಟ್ ಲೀಡರ್‌ಗೆ ತಿಳಿಸಿ. ಆಮೇಲೆ ಸಾಮಾನು ಬಿಚ್ಚುವ ಮೊದಲು ಹತ್ತು ನಿಮಿಷ ಮನೆ ನೋಡಿ. ಬಾಗಿಲು, ಕಿಟಕಿಗಳಿಗೆ ಬೀಗ ಬೀಳುತ್ತದೆಯೇ. ಅನಿಲ ಬಂದ್ ಮಾಡುವ ತಿರುಪು ಎಲ್ಲಿದೆ. ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಪತ್ತೆ ಮಾಡುವ ಅಲಾರಂಗಳ ಪರೀಕ್ಷಾ ಗುಂಡಿ ಒತ್ತಿದರೆ ಸದ್ದು ಬರುತ್ತದೆಯೇ. ಈ ಕೊನೆಯದನ್ನು ನಾಳೆಗೆ ಬಿಡಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆಯಿಂದ ಶುರುವಾಗಿ ನಿದ್ರೆಯಲ್ಲೇ ಜೀವ ತೆಗೆಯಬಲ್ಲದು. ಅಲಾರಂ ಕೆಲಸ ಮಾಡದಿದ್ದರೆ ಅಂದೇ ರಾತ್ರಿ ತಿಳಿಸಿ, ಅನಿಲದ ಹೀಟರ್ ಹಚ್ಚಿಟ್ಟು ಮಲಗಬೇಡಿ.

ಮುಂದೆ ಹಾಸಿಗೆ. ಹೊದಿಕೆ ಪೂರ್ತಿ ತೆಗೆದು ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆಯುದ್ದಕ್ಕೂ, ಮಂಚದ ಸಂದುಗಳಲ್ಲೂ ನೋಡಿ. ಸಣ್ಣ ಕಪ್ಪು ಚುಕ್ಕೆ, ಒಣಗಿದ ಪೊರೆ ಕಂಡರೆ ತಿಗಣೆ. ಈ ಪರೀಕ್ಷೆ ಮುಗಿಯುವವರೆಗೆ ಸೂಟ್‌ಕೇಸನ್ನು ಹಾಸಿಗೆಯ ಮೇಲೆ ಇಡಬೇಡಿ, ಬಚ್ಚಲುಮನೆಯ ಒಣ ನೆಲದ ಮೇಲಿಡಿ. ತಿಗಣೆ ಇದ್ದರೆ ಮಿಷನ್ ಕಚೇರಿಗೆ ಹೇಳಿ. ನಾಚಿಕೆಪಟ್ಟು ಮುಚ್ಚಿಟ್ಟರೆ ಮುಂದಿನ ಟ್ರಾನ್ಸ್‌ಫರ್‌ನಲ್ಲಿ ಅದೇ ತಿಗಣೆ ಇನ್ನೂ ಮೂರು ಮನೆ ಸೇರುತ್ತದೆ.

ಕುಡಿಯುವ ನೀರು ಯಾವುದು ಎಂದು ಕಂಪ್ಯಾನಿಯನ್‌ರನ್ನು ಕೇಳಿ, ಕೇಳದೆ ನಲ್ಲಿಗೆ ಲೋಟ ಹಿಡಿಯಬೇಡಿ. ಮನೆಯ ವಿಳಾಸವನ್ನು ನೋಡದೆ ಹೇಳುವಷ್ಟು ಬಾಯಿಪಾಠ ಮಾಡಿ. ತುರ್ತು ಹೊತ್ತಿನಲ್ಲಿ ಫೋನಿನ ಆ ತುದಿಯವರು ಮೊದಲು ಕೇಳುವುದು ಅದನ್ನೇ. ರಾತ್ರಿ ಎಷ್ಟು ಆಯಾಸವಾಗಿದ್ದರೂ ಹಾಸಿಗೆ ಹಾಸಿ, ಮರುದಿನದ ಉಡುಪು ತೆಗೆದಿಟ್ಟು, ಇಬ್ಬರೂ ಕೂಡಿ ಪ್ರಾರ್ಥಿಸಿ ಮಲಗಿ. ಬೆಳಿಗ್ಗೆ 6:30ಕ್ಕೆ ಏಳುವ, ರಾತ್ರಿ 10:30ಕ್ಕೆ ಮಲಗುವ ಪದ್ಧತಿಯನ್ನು ಕೆಲವು ಮಿಷನ್‌ಗಳಲ್ಲಿ ಅಲ್ಲಿನ ಜೀವನಕ್ರಮಕ್ಕೆ ತಕ್ಕಂತೆ ಮಿಷನ್‌ನ ಮುಖ್ಯಸ್ಥರಾದ ಅಧ್ಯಕ್ಷರು ಸ್ವಲ್ಪ ಹೊಂದಿಸಿರುತ್ತಾರೆ. ಹೊಸ ಏರಿಯಾದಲ್ಲಿ ಹೇಗಿದೆ ಎಂದು ಕೇಳಿಕೊಳ್ಳಿ.

ಹೊಸ ಕಂಪ್ಯಾನಿಯನ್

ಇಬ್ಬಿಬ್ಬರಾಗಿ ಹೋಗುವುದು ಸುವಾರ್ತೆಯಷ್ಟೇ ಹಳೆಯ ಕ್ರಮ. ಯೇಸು ಹನ್ನೆರಡು ಮಂದಿಯನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದ್ದನ್ನು ಮಾರ್ಕನು 6ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ನೀವು ಆರಿಸಿಕೊಳ್ಳದ, ಬಹುಶಃ ಬೇರೆ ದೇಶದ, ಬೇರೆ ಮಾತಿನ ಒಬ್ಬರ ಜೊತೆ ಹಗಲೂ ರಾತ್ರಿಯೂ ಇರಬೇಕು. ಒಬ್ಬರ ಕಣ್ಣಿಗೆ ಇನ್ನೊಬ್ಬರು ಕಾಣುವಷ್ಟು, ಮಾತು ಕೇಳುವಷ್ಟು ಹತ್ತಿರದಲ್ಲೇ. ಹೊಂದಿಕೆಯ ಅರ್ಧ ಪಾಲು ಇಲ್ಲಿದೆ. ಊರು ಎಷ್ಟೇ ಚೆನ್ನಾಗಿದ್ದರೂ ಮನೆಯೊಳಗೆ ಮೌನ ಬಿಗಿದಿದ್ದರೆ 6 ವಾರ 6 ತಿಂಗಳಾಗುತ್ತದೆ.

ಮೊದಲ 24 ಗಂಟೆಯೊಳಗೆ ಮುಕ್ಕಾಲು ಗಂಟೆ ಕೂತು ಮಾತಾಡಿ. ನಡೆಯುತ್ತಾ ಹೇಳಿದ ಮಾತು ಅರ್ಧ ಮರೆತುಹೋಗುತ್ತದೆ, ಹಾಗಾಗಿ ಕೂತೇ ಆಗಬೇಕು. ಕೇಳಬೇಕಾದ ಪ್ರಶ್ನೆಗಳು ಸಾಧಾರಣವಾದವು, ಆದರೆ ಕೇಳದಿದ್ದರೆ ಮೂರನೇ ವಾರ ಜಗಳವಾಗಿ ಹೊರಬರುವಂಥವು:

- ನಿದ್ರೆ ಹೇಗೆ? ಗೊರಕೆ, ಸೆಕೆ, ಬೆಳಕು, ಅಲಾರಂ?
- ಯಾವ ಆಹಾರ ಆಗುವುದಿಲ್ಲ, ಯಾವ ಔಷಧಿ ತೆಗೆದುಕೊಳ್ಳುತ್ತೀರಿ? ಏನಾದರೂ ಆದರೆ ನಾನು ಏನು ಮಾಡಬೇಕು?
- ನನ್ನಿಂದ ತಪ್ಪಾದಾಗ ಆಗಲೇ ಹೇಳುತ್ತೀರಾ, ರಾತ್ರಿ ಯೋಜನೆ ಮಾಡುವಾಗ ಹೇಳುತ್ತೀರಾ? ನಿಮಗೆ ಯಾವಾಗ ಹೇಳಿದರೆ ಸರಿ?
- ಮನಸ್ಸು ಸರಿಯಿಲ್ಲದಾಗ ನಿಮಗೆ ಮಾತು ಬೇಕೋ, ಸ್ವಲ್ಪ ಹೊತ್ತು ಸುಮ್ಮನಿರಬೇಕೋ?
- ಈ ಏರಿಯಾದಲ್ಲಿ ಈಗ ನೀವು ಯಾರಿಗಾಗಿ ಅತಿ ಹೆಚ್ಚು ಪ್ರಾರ್ಥಿಸುತ್ತಿದ್ದೀರಿ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಅದರ ಉತ್ತರದಲ್ಲಿ ಏರಿಯಾದ ನಿಜವಾದ ಚಿತ್ರ ಸಿಗುತ್ತದೆ, ಅದರ ಜೊತೆಗೆ ಕಂಪ್ಯಾನಿಯನ್‌ರ ಹೃದಯವೂ ಕಾಣುತ್ತದೆ.

ಎರಡು ವಾರ "ನನ್ನ ಹಳೇ ಏರಿಯಾದಲ್ಲಿ..." ಎಂದು ವಾಕ್ಯ ಆರಂಭಿಸಬೇಡಿ. ನಿಮಗೆ ಅದು ನೆನಪು, ಕೇಳುವವರಿಗೆ ಅದು ತಪ್ಪು ಹುಡುಕುವ ಮಾತು. ಅಲ್ಲಿ ಕಲಿತ ಒಳ್ಳೆಯ ಉಪಾಯವಿದ್ದರೆ ಊರಿನ ಹೆಸರು ತೆಗೆದು ಹೇಳಿ: "ಸಂಜೆ ಬದಲು ಬೆಳಿಗ್ಗೆ ಹೋಗಿ ನೋಡೋಣವೇ?" ಹಾಗೆಯೇ ನಿಮಗಿಂತ ಮೊದಲಿದ್ದ ಮಿಷನರಿಯ ಬಗ್ಗೆ ಟೀಕೆ ಕಿವಿಗೆ ಬಿದ್ದರೆ ಅದಕ್ಕೆ ಸೇರಿಸಬೇಡಿ. ನಾಳೆ ಅದೇ ಜಾಗದಲ್ಲಿ ನಿಮ್ಮ ಹೆಸರಿರುತ್ತದೆ.

ವಾರದ ಯೋಜನೆಯ ಕೊನೆಗೆ ಇಬ್ಬರೂ ತಮ್ಮ ನಡುವಿನ ವಿಷಯ ಮಾತಾಡಿಕೊಳ್ಳುವ ಸಮಯ ಇರುತ್ತದೆ. ಎಲ್ಲ ಸರಿಯಿದೆ ಎಂದು ಅದನ್ನು ದಾಟಿಸುವುದು ದೊಡ್ಡ ತಪ್ಪು. ಮೊದಲ ಎರಡು ವಾರ ಏನೂ ಇಲ್ಲದಿದ್ದರೂ ಕೂತುಕೊಳ್ಳಿ, ಒಬ್ಬರಲ್ಲಿ ಒಬ್ಬರು ಮೆಚ್ಚಿದ ಒಂದು ಸಂಗತಿ ಹೇಳಿ. ಆ ಅಭ್ಯಾಸ ಬಿದ್ದಿದ್ದರೆ ನಾಲ್ಕನೇ ವಾರ ಕಷ್ಟದ ಮಾತು ಬಂದಾಗ ಅದಕ್ಕೆ ಕೂರುವ ಜಾಗ ಇರುತ್ತದೆ.

ಊರು ಕಾಲಿಗೆ ಹತ್ತಬೇಕು

ಮೊದಲ ದಿನವೋ ಎರಡನೆಯ ದಿನವೋ ಒಂದೂವರೆ ಗಂಟೆ ನಡೆಯಿರಿ. ಸಭಾಮಂದಿರ, ಹತ್ತಿರದ ಆಸ್ಪತ್ರೆ, ಔಷಧಿ ಅಂಗಡಿ, ಪೊಲೀಸ್ ಠಾಣೆ, ಬಸ್ ನಿಲ್ದಾಣ, ಕೊನೆಯ ಬಸ್ಸಿನ ಹೊತ್ತು, ಕತ್ತಲಾದ ಮೇಲೆ ಹೋಗಬಾರದ ಓಣಿ. ಮನೆಗೆ ಬಂದು ಒಂದು ಹಾಳೆಯಲ್ಲಿ ಕೈಯಲ್ಲೇ ನಕ್ಷೆ ಬರೆಯಿರಿ. ಫೋನಿನಲ್ಲಿ ನಕ್ಷೆ ಇದೆಯಲ್ಲ ಎನ್ನಬಹುದು. ಆದರೆ ಅದನ್ನು ನೋಡುತ್ತಾ ನಡೆಯುವವರ ಕಣ್ಣು ಜನರ ಮೇಲಿರುವುದಿಲ್ಲ, ತಿಂಗಳಾದರೂ ದಾರಿಯೂ ತಲೆಗೆ ಹತ್ತುವುದಿಲ್ಲ. ಯಾವಾಗಲೂ ಕಂಪ್ಯಾನಿಯನ್‌ರ ಬೆನ್ನ ಹಿಂದೆ ನಡೆಯುವವರಿಗೂ ಇದೇ ತೊಂದರೆ. ಮೂರನೇ ದಿನದಿಂದ "ಇವತ್ತು ದಾರಿ ನಾನು ತೋರಿಸುತ್ತೇನೆ, ತಪ್ಪಿದರೆ ಹೇಳಿ" ಎಂದು ಮುಂದೆ ನಡೆಯಿರಿ. ಮುಂದಿನ ಸುತ್ತಿನಲ್ಲಿ ಅವರು ಹೋಗಿ ನೀವೇ ಉಳಿದರೆ ಹೊಸಬರಿಗೆ ದಾರಿ ತೋರಿಸಬೇಕಾದವರು ನೀವೇ.

ಮಾತು ಅದೇ ಭಾಷೆಯಾದರೂ ಊರಿಂದ ಊರಿಗೆ ಧಾಟಿ ಬದಲಾಗುತ್ತದೆ. ಮೊದಲ ವಾರ ದಿನಕ್ಕೆ ಐದು ಪದ ಬರೆದುಕೊಳ್ಳಿ: ಹಿರಿಯರನ್ನು ಕರೆಯುವ ರೀತಿ, ನಮಸ್ಕಾರ ಹೇಳುವ ರೀತಿ, ಬೇಡ ಎನ್ನುವುದನ್ನು ಮರ್ಯಾದೆಯಿಂದ ಹೇಳುವ ರೀತಿ ಮೊದಲು ಬರಲಿ. ಇನ್ನೂ ಭಾಷೆ ಕಲಿಯುತ್ತಿರುವವರಾದರೆ ಒಬ್ಬ ಸದಸ್ಯರನ್ನು ಆರಿಸಿಕೊಂಡು, "ನನ್ನ ಮಾತಿನಲ್ಲಿ ಪ್ರತಿ ಭೇಟಿಗೆ ಒಂದೇ ಒಂದು ತಪ್ಪು ತಿದ್ದಿ" ಎಂದು ಕೇಳಿ. ಎಲ್ಲ ತಪ್ಪು ತಿದ್ದಿ ಎಂದರೆ ಯಾರೂ ತಿದ್ದುವುದಿಲ್ಲ.

ತಿಂಗಳ ಖರ್ಚಿನ ಹಣ ಅರ್ಧ ಹಳೆಯ ಏರಿಯಾದಲ್ಲೇ ಮುಗಿದಿರುತ್ತದೆ, ಹೊಸ ಕಡೆ ಬಸ್ ಪಾಸ್, ದಿನಸಿ ಎಂದು ಒಟ್ಟಿಗೆ ಖರ್ಚು ಬರುತ್ತದೆ. ಮೊದಲ ವಾರ ಪ್ರತಿ ಖರ್ಚನ್ನೂ ಬರೆದಿಡಿ. ನಿಮ್ಮ ಹೊಸ ಏರಿಯಾದ ವಾರದ ಲೆಕ್ಕ ಅದರಿಂದಲೇ ಸಿಗುತ್ತದೆ.

ಮೊದಲ ಭಾನುವಾರ

ಸಭೆ ಶುರುವಾಗುವ ಅರ್ಧ ಗಂಟೆ ಮೊದಲು ಬಾಗಿಲ ಬಳಿ ಇರಿ. ಮೊದಲು ಆ ಸಭೆಯ ಸ್ಥಳೀಯ ನಾಯಕರಾದ ಬಿಷಪ್ (ಸಣ್ಣ ಸಭೆಯಾದರೆ ಬ್ರಾಂಚ್ ಅಧ್ಯಕ್ಷರು) ಅವರನ್ನು ಕಂಡು ಹೆಸರು ಹೇಳಿ. ಆ ದಿನ ಅವರಿಗೆ ಬಿಡುವಿರುವುದಿಲ್ಲ, ವಾರದಲ್ಲಿ 15 ನಿಮಿಷ ಕೇಳಿ ಪಡೆಯಿರಿ. ಭೇಟಿಯಲ್ಲಿ ಮೂರೇ ಪ್ರಶ್ನೆ: ಈಗ ನಿಮ್ಮನ್ನು ಚಿಂತೆಗೀಡು ಮಾಡಿರುವ ಕುಟುಂಬ ಯಾವುದು? ಹಿಂದಿನ ಮಿಷನರಿಗಳು ಮಾಡಿದ್ದರಲ್ಲಿ ಸಭೆಗೆ ನೆರವಾದದ್ದು ಯಾವುದು? ನಾವು ಮಾಡಬಾರದ್ದು ಏನಾದರೂ ಇದೆಯೇ? ಉತ್ತರ ಬರೆದುಕೊಳ್ಳಿ, ಆ ಕುಟುಂಬದ ಮನೆಗೆ ಅದೇ ವಾರ ಹೋಗಿ, ಹೋದದ್ದನ್ನು ಅವರಿಗೆ ತಿಳಿಸಿ. ಸ್ಥಳೀಯ ನಾಯಕರ ನಂಬಿಕೆ ಇಷ್ಟರಿಂದಲೇ ಬೆಳೆಯುತ್ತದೆ. ಬಂದ ವಾರವೇ ಹೊಸ ಯೋಜನೆ ಹಿಡಿದು ಹೋಗಿ "ಸದಸ್ಯರು ಹೀಗೆ ಮಾಡಬೇಕು" ಎಂದವರಿಗೆ ಆ ನಂಬಿಕೆ ಸಿಗುವುದಿಲ್ಲ.

ಮೂರು ನಿಮಿಷದ ಸಾಕ್ಷಿ ಮಾತು ಸಿದ್ಧವಿರಲಿ. ಹೊಸಬರನ್ನು ಮುನ್ಸೂಚನೆಯಿಲ್ಲದೆ ವೇದಿಕೆಗೆ ಕರೆಯುವುದು ಹಲವೆಡೆ ಇದೆ. ಹೆಸರು, ಕುಟುಂಬದ ಬಗ್ಗೆ ಎರಡು ವಾಕ್ಯ, ಯೇಸು ಕ್ರಿಸ್ತನ ಬಗ್ಗೆ ನಿಮ್ಮ ನಂಬಿಕೆ, ಮುಗಿಸಿ ಕೂರಿ.

ಹತ್ತು ಹೆಸರು ಕಲಿಯುವುದು ಆ ದಿನದ ಗುರಿ. ಕೈಕುಲುಕುವಾಗ ಹೆಸರನ್ನು ಒಮ್ಮೆ ಜೋರಾಗಿ ಹೇಳಿ, ಸಭೆ ಮುಗಿದ ಹತ್ತು ನಿಮಿಷದೊಳಗೆ ಬರೆದಿಡಿ, ಪಕ್ಕದಲ್ಲಿ ಗುರುತು: "ಪಿಯಾನೋ", "ಅವಳಿ ಮಕ್ಕಳು", "ಕೊನೆಯ ಸಾಲು". ಮಕ್ಕಳ ಹೆಸರು ಮೊದಲು ಕಲಿತವರಿಗೆ ಆ ಮನೆಗಳ ಬಾಗಿಲು ಬೇಗ ತೆರೆಯುತ್ತದೆ. ಒಬ್ಬರೇ ಕೂತವರನ್ನು ಗಮನಿಸಿ. ಹೊಸದಾಗಿ ಸೇರಿದವರು, ಹೋದವಾರ ತಮ್ಮ ಪ್ರೀತಿಯ ಮಿಷನರಿಯನ್ನು ಕಳಿಸಿಕೊಟ್ಟವರು ಅಲ್ಲೇ ಇರುತ್ತಾರೆ.

ಊಟಕ್ಕೆ ಕರೆದರೆ ಹೇಳಿದ ಹೊತ್ತಿಗೆ ಹೋಗಿ, ಒಂದು ಗಂಟೆಯೊಳಗೆ ಹೊರಡಿ. ತಟ್ಟೆ ತೊಳೆಯಲು ಕೈಹಾಕಿ, ಒಂದು ವಚನ ಓದಿ ಪ್ರಾರ್ಥಿಸಿ. ಮನೆಯಲ್ಲಿ ಗಂಡಸು ಒಬ್ಬರೇ ಇದ್ದು ನೀವು ಸಿಸ್ಟರ್‌ಗಳಾದರೆ (ಮಹಿಳಾ ಮಿಷನರಿಗಳು), ಅಥವಾ ಹೆಂಗಸು ಒಬ್ಬರೇ ಇದ್ದು ನೀವು ಎಲ್ಡರ್‌ಗಳಾದರೆ (ಪುರುಷ ಮಿಷನರಿಗಳು) ಒಳಗೆ ಹೋಗಬೇಡಿ. ಬಾಗಿಲಲ್ಲೇ ಮಾತಾಡಿ, ಇನ್ನೊಬ್ಬ ಹಿರಿಯ ಸದಸ್ಯರ ಜೊತೆ ಬೇರೆ ದಿನ ಬನ್ನಿ. ಮೊದಲ ವಾರದ ಸಂಕೋಚದಲ್ಲಿ ಈ ನಿಯಮ ಸಡಿಲಿಸಿದರೆ ಮತ್ತೆ ಬಿಗಿಗೊಳಿಸುವುದು ಕಷ್ಟ.

ಪಾಠ ಕೇಳುತ್ತಿರುವವರ ಮನೆಯಲ್ಲಿ

ನೀವು ಹೋದಾಗ ಅವರು ನಿಮ್ಮ ಮುಖದಲ್ಲಿ ಹೋದವರನ್ನು ಹುಡುಕುತ್ತಾರೆ. ಅದಕ್ಕೆ ಬೇಸರಪಡಬೇಡಿ. ಮೊದಲ ಭೇಟಿಯಲ್ಲಿ ಹೊಸ ಪಾಠ ಬೇಡ. ಕಂಪ್ಯಾನಿಯನ್ ಪರಿಚಯಿಸಲಿ, ನೀವು "ಇಲ್ಲಿಯವರೆಗೆ ಕಲಿತದ್ದರಲ್ಲಿ ನಿಮ್ಮ ಮನಸ್ಸಿನಲ್ಲಿ ನಿಂತದ್ದು ಯಾವುದು?" ಎಂದು ಕೇಳಿ ಸುಮ್ಮನಾಗಿ. ಅವರು ತಮ್ಮ ಮಾತಿನಲ್ಲಿ ಹೇಳುವಾಗ ಏನು ಅರ್ಥವಾಗಿದೆ, ಏನು ಜಾರಿಹೋಗಿದೆ ಎಂಬುದು ಯಾವ ಟಿಪ್ಪಣಿಗಿಂತಲೂ ಚೆನ್ನಾಗಿ ತಿಳಿಯುತ್ತದೆ. ಹೋದವರನ್ನು ಅವರು ಹೊಗಳಿದರೆ ನೀವೂ ಮನಸಾರೆ ಹೊಗಳಿ. ಅರ್ಧ ಗಂಟೆ ಮೀರಬೇಡಿ. ಎದ್ದು ನಿಲ್ಲುವ ಮೊದಲು ಮುಂದಿನ ದಿನ, ಹೊತ್ತು ಗೊತ್ತುಮಾಡಿ.

ದೀಕ್ಷಾಸ್ನಾನದ ದಿನಾಂಕ ಇಟ್ಟುಕೊಂಡವರ ವಿಷಯದಲ್ಲಿ ಎರಡು ಬಗೆಯ ತಪ್ಪಾಗುತ್ತದೆ. ಕೆಲವರು ನನಗಿನ್ನೂ ಪರಿಚಯವಿಲ್ಲ ಎಂದು ದಿನಾಂಕ ಮುಂದಕ್ಕೆ ಹಾಕುತ್ತಾರೆ, ಸಿದ್ಧರಾಗಿದ್ದವರಿಗೆ ತಮ್ಮಲ್ಲೇನೋ ಕೊರತೆಯಿದೆ ಎನಿಸುತ್ತದೆ. ಇನ್ನು ಕೆಲವರು ದಿನಾಂಕ ಇದೆಯಲ್ಲ ಎಂದು ಏನೂ ಕೇಳದೆ ಮುಂದುವರಿಯುತ್ತಾರೆ. ಆ ವ್ಯಕ್ತಿಯನ್ನೇ ನೇರವಾಗಿ ಕೇಳಿ: ಈ ತೀರ್ಮಾನ ನಿಮ್ಮದೇ? ಈಗಲೂ ಹಾಗೇ ಇದೆಯೇ? ಅವರ ಉತ್ತರಕ್ಕೆ ತಕ್ಕಂತೆ ನಡೆಯಿರಿ.

ಕಳೆದ ಒಂದು ವರ್ಷದೊಳಗೆ ಸಭೆ ಸೇರಿದವರನ್ನೆಲ್ಲ ಮೊದಲ ವಾರವೇ ಕಾಣಿರಿ. ಹೊಸ ಜನರನ್ನು ಹುಡುಕುವ ಉತ್ಸಾಹದಲ್ಲಿ ಇವರು ಪಟ್ಟಿಯ ಕೊನೆಗೆ ಹೋಗುತ್ತಾರೆ, ಹಾಗಾಗಬಾರದು. ಪಾಠ ಹೇಳಿದವರು ಹೋದ ಮೇಲೆ ಸಭೆಯಲ್ಲಿ ಒಬ್ಬ ಗೆಳೆಯನೂ ಇಲ್ಲ ಎನಿಸಿದರೆ ಅವರು ಸದ್ದಿಲ್ಲದೆ ದೂರವಾಗುತ್ತಾರೆ. ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ಗೆಳೆಯರಾದ ಒಬ್ಬ ಸದಸ್ಯರ ಹೆಸರು ಬರೆಯಲು ಸಾಧ್ಯವೇ ನೋಡಿ. ಗೆಳೆಯರಿಲ್ಲದೆ ಖಾಲಿ ಇರುವ ಹೆಸರುಗಳನ್ನು ಸ್ಥಳೀಯ ನಾಯಕರ ಜೊತೆ ನಡೆಯುವ ವಾರದ ಸಮನ್ವಯ ಸಭೆಗೆ ಒಯ್ಯಿರಿ.

ಕೆಲವೊಮ್ಮೆ ಹಳಬರಿಬ್ಬರನ್ನೂ ತೆಗೆದು ಹೊಸಬರಿಬ್ಬರನ್ನು ಹಾಕುತ್ತಾರೆ. ಪರಿಚಯಿಸಲು ಯಾರೂ ಇಲ್ಲ. ಆಗ ಮೊದಲ ಬೆಳಿಗ್ಗೆ ಏರಿಯಾ ಬುಕ್ ಇಬ್ಬರೂ ಕೂತು ಪೂರ್ತಿ ಓದಿ, ಮೂರು ಪಟ್ಟಿ ಮಾಡಿ: ಇಂದೇ ಫೋನ್ ಮಾಡಬೇಕಾದವರು, ಈ ವಾರ ಮನೆಗೆ ಹೋಗಬೇಕಾದವರು, ಬಿಷಪ್‌ರನ್ನು ಕೇಳಿ ಮುಂದುವರಿಯಬೇಕಾದವರು. ಮೊದಲ ಮೂರು ದಿನ ಪ್ರತಿ ಸಂಜೆಗೂ ಒಬ್ಬ ಸದಸ್ಯರನ್ನು ಜೊತೆಗೆ ಕರೆಯಿರಿ. ಪರಿಚಿತ ಮುಖವೊಂದು ಜೊತೆಗಿದ್ದರೆ ಸಾಕು, ಬಾಗಿಲು ತೆರೆಯುತ್ತದೆ. ಟಿಪ್ಪಣಿ ಅರ್ಥವಾಗದಿದ್ದರೆ ಡಿಸ್ಟ್ರಿಕ್ಟ್ ಲೀಡರ್ ಮೂಲಕ ಹಳಬರನ್ನು ಕೇಳಿಸಿ.

ಮನಸ್ಸು ಕುಸಿದಾಗ

ಮೊದಲ ಎರಡು ಮೂರು ದಿನ ಹೊಸತನದ ಭರದಲ್ಲಿ ಕಳೆಯುತ್ತವೆ. ಕುಸಿತ ಆಮೇಲೆ ಬರುತ್ತದೆ, ಮೊದಲ ವಾರದ ಕೊನೆಗೋ ಎರಡನೇ ವಾರದಲ್ಲೋ. ತವರನ್ನು ಬಿಟ್ಟು ಬಂದಾಗಿನ ನೋವಿಗಿಂತ ಇದು ಬೇರೆ. ಹಳೆಯ ಏರಿಯಾದಲ್ಲಿ ನಿಮಗೊಂದು ಹೆಸರಿತ್ತು, ಉಪಯೋಗವಿತ್ತು. ಇಲ್ಲಿ ಮತ್ತೆ ಮೊದಲಿನಿಂದ. ಇದನ್ನು ವಿಶ್ವಾಸದ ಕೊರತೆ ಎಂದುಕೊಳ್ಳಬೇಡಿ, ಪ್ರೀತಿಸಿದವರನ್ನು ಅಗಲಿದ ದುಃಖ ಇದು. ಪ್ರಾರ್ಥನೆಯಲ್ಲಿ ಆ ಜನರ ಹೆಸರು ಹೇಳಿ, ಜೊತೆಗೆ ಇಲ್ಲಿಯ ಒಬ್ಬರ ಹೆಸರು ಸೇರಿಸಿ. ಮರುದಿನ ಆ ಒಬ್ಬರಿಗೆ ಕೈಯಿಂದ ಮಾಡುವ ಯಾವುದಾದರೂ ನೆರವು ನೀಡಿ: ಸಾಮಾನು ಹೊರುವುದು, ತೋಟ ಅಗೆಯುವುದು, ಮನೆ ಬದಲಿಸುವವರಿಗೆ ಸಹಾಯ. ಮಾತು ಹೊರಡದ ದಿನವೂ ಕೈ ಕೆಲಸ ಮಾಡುತ್ತದೆ.

ಬೆಳಗಿನ ಅರ್ಧ ಗಂಟೆಯ ವ್ಯಾಯಾಮ, ವೈಯಕ್ತಿಕ ಅಧ್ಯಯನ, ಇವೆರಡನ್ನು ಹೊಸ ಜಾಗ ಎಂದು ಬಿಡಬೇಡಿ. ಸುತ್ತ ಎಲ್ಲವೂ ಬದಲಾದಾಗ ಬದಲಾಗದೆ ಉಳಿಯುವುದು ಇಷ್ಟೇ. ಸಿದ್ಧತಾ ದಿನದಲ್ಲಿ (ಸ್ವಂತ ಕೆಲಸಗಳಿಗೆಂದು ವಾರಕ್ಕೊಮ್ಮೆ ಸಿಗುವ ದಿನ) ಮನೆಗೆ ಮಾಡುವ ವಾರದ ಕರೆಯಲ್ಲಿ ನಿಜ ಹೇಳಿ, ಆದರೆ ಅಂದಿನ ಒಳ್ಳೆಯದೊಂದನ್ನೂ ಹೇಳಿ. ತಾಯ್ತಂದೆ ಫೋನಿಟ್ಟ ಮೇಲೆ ಇಡೀ ವಾರ ನಿಮ್ಮ ಕೊನೆಯ ಮಾತನ್ನೇ ನೆನೆಯುತ್ತಿರುತ್ತಾರೆ. ಪಾರ್ಸೆಲ್ ಕಳಿಸುವುದಿದ್ದರೆ ಮಿಷನ್ ಕಚೇರಿಯ ವಿಳಾಸ ಕೊಡಿ. ಏರಿಯಾದ ವಿಳಾಸಕ್ಕೆ ಬಂದದ್ದು ನೀವು ಹೋದ ಮೇಲೆ ತಲುಪಬಹುದು.

ನಾಲ್ಕೈದು ರಾತ್ರಿ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಎದೆ ಬಡಿತ ಏರಿ ಮನೆಯಿಂದ ಹೊರಗೆ ಕಾಲಿಡಲು ಆಗದಿದ್ದರೆ ಮಿಷನ್ ಅಧ್ಯಕ್ಷರಿಗೆ ಅಥವಾ ಅವರ ಪತ್ನಿಗೆ ಫೋನ್ ಮಾಡಿ. ಅಧ್ಯಕ್ಷರ ಜೊತೆಗಿನ ಮುಂದಿನ ಸಂದರ್ಶನದವರೆಗೆ ಕಾಯಬೇಡಿ. ಬದುಕು ಬೇಡ ಎಂಬ ಯೋಚನೆ ಸುಳಿದರೆ ಆ ಗಳಿಗೆಯಲ್ಲೇ ಕಂಪ್ಯಾನಿಯನ್‌ಗೆ ಹೇಳಿ. ಕೇಳಿಸಿಕೊಂಡ ಕಂಪ್ಯಾನಿಯನ್ ಅದನ್ನು ಗುಟ್ಟಾಗಿಡಬಾರದು, ಒಬ್ಬರನ್ನೇ ಬಿಡಬಾರದು, ಹೊತ್ತು ಎಷ್ಟೇ ಆಗಿರಲಿ ಅಧ್ಯಕ್ಷರಿಗೆ ಕರೆ ಮಾಡಬೇಕು. ಜೀವಕ್ಕೆ ಅಪಾಯ ಕಂಡರೆ ಮೊದಲು ಸ್ಥಳೀಯ ತುರ್ತು ಸೇವೆ, ಆಮೇಲೆ ಉಳಿದವರು.

ಮೂರನೇ ವಾರ

ಇಷ್ಟು ಹೊತ್ತಿಗೆ ನೀವು ಒಬ್ಬರೇ ದಾರಿ ತೋರಿಸಬಲ್ಲಿರಿ, ಮೂವತ್ತು ಹೆಸರು ಗೊತ್ತಿರುತ್ತವೆ, ಕಂಪ್ಯಾನಿಯನ್ ಯಾವ ಬೆಳಿಗ್ಗೆ ಮಾತಾಡುವುದಿಲ್ಲ ಎಂಬುದೂ ತಿಳಿದಿರುತ್ತದೆ. ಹೊಸ ಆಲೋಚನೆಗಳನ್ನು ಈಗ ತನ್ನಿ, ಒಂದು ವಾರಕ್ಕೆ ಒಂದೇ. ಎರಡು ವಾರ ನೋಡಿ ಕೇಳಿದವರ ಸಲಹೆಯನ್ನು ಸದಸ್ಯರು ಕಿವಿಗೊಟ್ಟು ಕೇಳುತ್ತಾರೆ.

ಏರಿಯಾ ಬುಕ್‌ನ ಟಿಪ್ಪಣಿಯನ್ನು ಪ್ರತಿ ರಾತ್ರಿ, ಭೇಟಿಯ ನೆನಪು ಹಸಿಯಾಗಿರುವಾಗಲೇ ಬರೆಯಿರಿ. ಒಬ್ಬರಿಗೆ ಮೂರು ಸಾಲು, ಒಟ್ಟು ಹದಿನೈದು ನಿಮಿಷ. ಮುಂದಿನ ಟ್ರಾನ್ಸ್‌ಫರ್ ಪಟ್ಟಿ ಬರುವುದು 6ನೇ ವಾರ.